ಎರಡನೆಯ ಕೀಲಿ

ಮೊನ್ನೆ ಕೋಡಿಬಾಗದಲ್ಲಿ ಹಲ್ಲಿನ ಡಾಕ್ಟರರ ಕೆಂಪು ಆಲ್ಟೊ ಹೋಯಿತು.
ನಾಲ್ಕನೇ ದಿನ ಸಿಕ್ಕಿತು, ಗಡಿಯಾಚೆ ಪೊಳೆಂನಲ್ಲಿ,
ನಾಲ್ಕು ಕಲ್ಲಿನ ಮೇಲೆ ಕೂತಿತ್ತಂತೆ
ಗಾಲಿ ಇಲ್ಲ, ಬ್ಯಾಟರಿ ಇಲ್ಲ,
ಅವರೇ ಕಿತ್ತ ಬಾಯಿಯ ಹಾಗೆ.

ನನ್ನದು ಹಳೇ ಈಕೋ.
ಹಿಂದಿನ ಸೀಟು ತೆಗೆಸಿ ಐಸಿನ ಪೆಟ್ಟಿಗೆ ಇಟ್ಟದ್ದು.
ಈ ವಾಸನೆಗೆ ಯಾವ ಕಳ್ಳ ಬರುತ್ತಾನೆ ಅಕ್ಕಾ,
ನಗುತ್ತಾರೆ ಬೈತಖೋಲದ ಹುಡುಗರು.
ಕಳ್ಳನಿಗೂ ನೆಗಡಿ ಆಗುತ್ತದಲ್ಲ, ಎಂದೆ.

ಸಾಂತಾನನ ಅಂಗಡಿ. ಗಾಜಿನ ಮೇಲೆ ಒಂದೊಂದೇ ಇಟ್ಟ.
ಮೊದಲು ಹಳದಿ ಕೋಲು, ಸ್ಟೀರಿಂಗಿಗೆ ಅಡ್ಡ ಹಾಕುವುದು.
"ದೂರದಿಂದಲೇ ಕಾಣಬೇಕು ಉಜ್ವಲಾಬಾಯಿ,
ಅರ್ಧ ಕಳ್ಳರು ಕಂಡೇ ತಿರುಗಿ ಹೋಗುತ್ತಾರೆ."
ಉಳಿದರ್ಧ?
"ಅವರು ಕೋಲು ಬಿಟ್ಟು ಸ್ಟೀರಿಂಗನ್ನೇ ಕೊಯ್ಯುತ್ತಾರೆ."

ಆಮೇಲೆ ಪೆಡಲಿನದು,
ಬ್ರೇಕು ಕ್ಲಚ್ಚು ಎರಡನ್ನೂ ಕಚ್ಚಿ ಹಿಡಿಯುವ ದವಡೆ.
ಬಗ್ಗಬೇಕು ಅದಕ್ಕೆ, ತಲೆ ಸ್ಟೀರಿಂಗಿನ ಕೆಳಗೆ,
ಬೆಳಗಿನ ಮೂರೂವರೆಗೆ, ಈ ಸೊಂಟದಲ್ಲಿ.
ತೆಗೆದಿಡು, ಎಂದೆ.

ಗಾಲಿಗೆ ಹಾಕುವುದೊಂದಿತ್ತು, ಸಣ್ಣ ಲಂಗರಿನಷ್ಟು ಭಾರ.
ಬಿಚ್ಚಲು ಮರೆತು ಗಾಡಿ ಬಿಟ್ಟರೆ ಮಡ್‌ಗಾರ್ಡು ಹೋಯಿತು.
ನಾನು ಮರೆಯುವವಳು. ಸಾಂತಾನನಿಗೂ ಗೊತ್ತು,
ಹೋದ ವರ್ಷದ ಛತ್ರಿ ಇನ್ನೂ ಅವನಲ್ಲೇ ಇದೆ.

ಕೊನೆಗೆ ಗೇರಿನದು.
ತಳಕ್ಕೆ ತೂತು ಕೊರೆದು ಬೋಲ್ಟು ಬಿಗಿದು
ಬೋಲ್ಟಿನ ತಲೆಯನ್ನೇ ಮುರಿದುಬಿಡುತ್ತಾನೆ,
ಹಾಕಿದ ಅವನೂ ಮತ್ತೆ ಬಿಚ್ಚಲಾರ.
ರಿವರ್ಸಿನಲ್ಲಿ ನಿಲ್ಲಿಸಿ ಬೀಗ ಜಡಿಯಬೇಕು.
ಕದ್ದರೆ ಹಿಂದೆ ಹಿಂದೆಯೇ ಓಡಿಸಬೇಕು.
ಕಾಳಿ ಸೇತುವೆಯ ಮೇಲೆ
ಕತ್ತು ತಿರುಗಿಸಿಕೊಂಡು ಗೋವೆಗೆ ಹೋಗುವವನನ್ನು ನೆನೆದು
ನಗು ತಡೆಯಲಾಗಲಿಲ್ಲ. ಇದೇ ಇರಲಿ.

"ಉಪ್ಪುಗಾಳಿಗೆ?"
ಯಾರ ಕೀಲಿಯನ್ನೂ ಕೇಳದೆ ಒಳಗೆ ಹೋಗುವುದು
ನಮ್ಮೂರಲ್ಲಿ ಅದೊಂದೇ.
"ಎಣ್ಣೆ ಬಿಡಬೇಡ, ಎಣ್ಣೆ ಮರಳನ್ನು ಕರೆಯುತ್ತದೆ.
ಮಗಳ ಪೆನ್ಸಿಲಿನ ಕಡ್ಡಿ ಕೆರೆದು ಪುಡಿ ಊದು."

ಎರಡು ಪೆಟ್ಟಿಗೆ ಬಂಗಡೆಯ ಲಾಭ ಕೊಟ್ಟೆ.
ಎರಡು ಕೀಲಿ ಕೊಟ್ಟ.
"ಒಂದು ಸೆರಗಿಗೆ ಕಟ್ಟಿಕೊ. ಇನ್ನೊಂದು ಮನೆಯಲ್ಲಿ ಬೇಡ,
ದೇವರ ಪಟದ ಹಿಂದೆ ಎಲ್ಲರೂ ನೋಡುತ್ತಾರೆ.
ನಂಬಿಕೆಯವರಲ್ಲಿ ಇಡು. ಮೂರನೆಯದು ಬರುವುದಿಲ್ಲ."

ಬೀಗ ಆರಿಸಲು ಅರ್ಧ ಗಂಟೆ ಸಾಕಾಯಿತು.
ಇದಕ್ಕೆ ಹನ್ನೊಂದು ದಿನ.

ಗಂಡ ಕೀಲಿಯನ್ನು ಅಂಗಿಯಲ್ಲಿಡುತ್ತಾನೆ,
ಅಂಗಿಯನ್ನು ಎಲ್ಲಿಟ್ಟೆ ಎಂದು ನನ್ನನ್ನೇ ಕೇಳುತ್ತಾನೆ.
ಪಕ್ಕದ ಶೆವಂತಿಗೆ ಕೊಟ್ಟರೆ
ಸಂಜೆಯೊಳಗೆ ಕೇರಿಗೆಲ್ಲ ಕೊಟ್ಟಂತೆ.
ಮಗಳಿಗೆ ಹತ್ತು ವರ್ಷ.

ಮೂರೂವರೆಗೆ ನಾನು ಬೀಗ ತೆಗೆಯುವಾಗ
ಕೇರಿಯಲ್ಲಿ ಇನ್ನೊಂದೇ ದೀಪ, ರೋಹಿದಾಸನದು.
ಅಪ್ಪನ ದೋಣಿಯನ್ನು ಎರಡು ಪಾಲು ಮಾಡಲಾಗುವುದಿಲ್ಲ.
ದೋಣಿ ತಮ್ಮನಿಗೆ, ನನಗೆ ದುಡ್ಡು,
ಆ ದುಡ್ಡೇ ಈ ಗಾಡಿ.
ಯಾರು ಯಾರಿಗೆ ಮೋಸ ಮಾಡಿದರೆಂದು
ಇಬ್ಬರ ಲೆಕ್ಕವೂ ಬೇರೆ.
ನಾಲ್ಕು ವರ್ಷದಿಂದ ಅವನ ಮೀನನ್ನು ಹರಾಜಿನಲ್ಲಿ ಕೂಗುತ್ತೇನೆ.
ಬೆಲೆ ಹೇಳುತ್ತೇನೆ, ಹೂಂ ಅನ್ನುತ್ತಾನೆ.
ಅಷ್ಟೇ ಮಾತು.

ಅವನ ದೋಣಿಗೆ ಬೀಗವಿಲ್ಲ. ಬರೀ ಹಗ್ಗ.
ಆ ಗಂಟು ಯಾರದೆಂದು
ಕತ್ತಲಲ್ಲೂ ನನ್ನ ಬೆರಳಿಗೆ ಗೊತ್ತು;
ಅಪ್ಪ ಇಬ್ಬರಿಗೂ ಒಂದೇ ಕಲಿಸಿದ್ದು.

ಇವತ್ತು ನೋಗಲಿ ಬುಟ್ಟಿಗೆ ಎರಡು ಸಾವಿರದ ಇನ್ನೂರು ಎಂದೆ.
ಹೂಂ ಅಂದ.
ನೋಟುಗಳ ಮೇಲೆ ಕೀಲಿಯನ್ನೂ ಇಟ್ಟು ಕೊಟ್ಟೆ.
ತಿರುಗಿಸಿ ನೋಡಿದ.
"ಯಾವುದರದು?"
"ಗೇರಿನದು."
ಅರಬೈಲು ಘಟ್ಟದಲ್ಲಿ ಕಳೆದರೆ, ಎಂದು ಹೇಳಹೊರಟು ಬಿಟ್ಟೆ.

ಕೆಡಹಿದ್ದ ಬಲೆಯ ರಾಶಿಗೆ ಬಗ್ಗಿ
ಒಂದು ಒಡಕು ಬೂಚು ಕಿತ್ತ,
ನೂಲಿನಲ್ಲಿ ಕೀಲಿಗೆ ಕಟ್ಟಿದ, ಅದೇ ಗಂಟು.
"ನೀರಿಗೆ ಬಿದ್ದರೆ ತೇಲಬೇಕು" ಎಂದ,
ನನಗೋ, ಬಲೆಗೋ.

ಆಮೇಲೆ ನೋಟು ಎಣಿಸಿದ,
ಎರಡು ಸಲ.